ಮಲಗಿದ ಅಲಗುಗಳು

ನಾನು ಸಾಣೆ ತುಳಿಯಲು ಕೂತ ಮೊದಲ ಹದಿನೈದು ವರ್ಷಗಳಲ್ಲಿ ನನ್ನ ಕೈಯಲ್ಲಿ ಮಲಗಿದ ಅಲಗುಗಳು ಮೂರೇ ಮೂರು. ಒಂದು, ಬದುವಿನ ಜಗಳದಲ್ಲಿ ಅಣ್ಣನ ಭುಜಕ್ಕೆ ಬಿದ್ದ ಕುಡುಗೋಲು. ಇನ್ನೊಂದು, ಕುಡಿದು ಬಂದ ಗಂಡನ ಮೇಲೆ ಹೆಂಡತಿ ಎತ್ತಿದ ಈಳಿಗೆ. ಅದನ್ನು ಗಂಡನೇ ಹೊತ್ತು ತಂದು, "ಇದು ಎದ್ದೀತೇನು ನೋಡು ತಿಪ್ಪವ್ವ, ಅಕೀಗೆ ಕಾಯಿಪಲ್ಲೆ ಹೆಚ್ಚಾಕೂ ಏನೂ ಇಲ್ಲ" ಅಂದಿದ್ದ. ಮೂರನೆಯದು ಕ್ಷೌರದ ಕತ್ತಿ. ಅದರ ವಿಷಯ ಬೇಡ, ಅವರ ಮೊಮ್ಮಕ್ಕಳು ಇನ್ನೂ ಊರಲ್ಲಿದ್ದಾರೆ. ಸಿಟ್ಟಿನ ಕೈಯಲ್ಲಿ ಮನುಷ್ಯನ ರಕ್ತ ಕಂಡ ಅಲಗು ನಮ್ಮೂರಲ್ಲಿ ಮತ್ತೆ ಹರಿತವಾಗುವುದಿಲ್ಲ. ಕಲ್ಲಿಗೆ ಹಿಡಿದರೆ ಕಿಡಿ ಹಾರುತ್ತದೆ, ಕಬ್ಬಿಣ ಸವೆಯುತ್ತದೆ, ಬಾಯಿ ಮಾತ್ರ ಬರುವುದಿಲ್ಲ. ಅಡುಗೆಯಲ್ಲಿ ಬೆರಳು ಕೊಯ್ದುಕೊಂಡರೆ ಏನೂ ಆಗದು, ಸಿಟ್ಟೇ ಆಗಬೇಕು. ಆ ಮೂರು ಸಲವೂ ಸುದ್ದಿ ತಿಳಿದ ಮೇಲೆ ಊರಲ್ಲಿ ಒಂದು ಹೊತ್ತು ಯಾರೂ ಒಲೆ ಹಚ್ಚಲಿಲ್ಲ. ಯಾರೂ ಹೇಳಿ ಮಾಡಿಸಿದ್ದಲ್ಲ. ಹೊಟ್ಟೆಗೆ ಬೇಕೆನಿಸಲಿಲ್ಲ, ಅಷ್ಟೇ.

ಕೆಲಸ ಕಲಿಸಿದವರು ನನ್ನ ಮಾವ. ಗಂಡ ಬೇಗ ತೀರಿಕೊಂಡ, ಸಾಣೆಯ ಮೆಟ್ಟು ನನ್ನ ಕಾಲಿಗೆ ಬಂತು. "ಒಂದೇ ಸಲಕ್ಕ ಹೇಳಬ್ಯಾಡ. ಮೂರು ಸಲ ಹಿಡಿ. ನಡುವ ನೀರಾಗ ಅದ್ದು. ಮೂರನೇದಕ್ಕೂ ಏಳಲಿಲ್ಲಂದ್ರ ಒದ್ದಿ ಬಟ್ಟಿ ಮ್ಯಾಲ ಇಡು, ಬಾಯಿ ತಂದವರ ಕಡೆ ಇರಲಿ. ನೀನು ಮಾತಾಡಬ್ಯಾಡ" ಎಂದು ಹೇಳಿಕೊಟ್ಟಿದ್ದರು. ತಂದವರಿಗೆ ಗೊತ್ತಾಗುತ್ತಿತ್ತು. ಅವರು ಆ ಅಲಗನ್ನು ಎತ್ತಿಕೊಂಡು ತಾವೇ ಚಾವಡಿಗೆ ನಡೆಯುತ್ತಿದ್ದರು. ಓಡಿಹೋದವರನ್ನು ನಾನು ಕಾಣೆ.

ಆಮೇಲೆ ಊರು ಬೆಳೆಯಿತು. ನೂಲಿನ ಗಿರಣಿಗೆ ಎರಡನೇ ಪಾಳಿ ಬಂತು, ಮೂರನೆಯದೂ ಬಂತು. ಕೆರೆಯಂಗಳದಲ್ಲಿ ಬಸ್ ನಿಲ್ದಾಣ ಎದ್ದಿತು, ಹೊರಗೆ ರಿಂಗ್ ರೋಡು ಸುತ್ತಿಕೊಂಡಿತು, ಒಂದೊಂದು ಕೋಣೆಯಲ್ಲಿ ಆರಾರು ಮಂದಿ ಮಲಗತೊಡಗಿದರು. ಮಲಗಿದ ಅಲಗು ಮೊದಲು ವರ್ಷಕ್ಕೊಂದು ಬರುತ್ತಿತ್ತು, ಆಮೇಲೆ ಹಬ್ಬಕ್ಕೊಂದು, ಆಮೇಲೆ ಸಂತೆಗೊಂದು. ಕುಡುಗೋಲು ಕೊಡಲಿಗಳ ಕಾಲ ಮುಗಿದು ಮಡಿಚುವ ಚಾಕು, ಕಾಗದ ಕೊಯ್ಯುವ ಬ್ಲೇಡು, ಹುಟ್ಟುಹಬ್ಬದ ಕೇಕು ಕತ್ತರಿಸುವ ಚಾಕು ಕೂಡ ಬಂದವು. ಬದುವಿನ ಜಗಳವೆಂದರೆ ಮೂರು ತಲೆಮಾರಿನದು, ಕೇಳಿದರೆ ಒಂದು ಕಥೆಯಾದರೂ ಇರುತ್ತಿತ್ತು. ಈಗಿನವಕ್ಕೆ ಕಥೆಯೇ ಇಲ್ಲ. ಸ್ಕೂಟರು ತಾಗಿತು, ದಿಟ್ಟಿಸಿ ನೋಡಿದ, ಬೀಡಿಗೆ ಬೆಂಕಿ ಕೊಡಲಿಲ್ಲ. ತರುವವರ ವಯಸ್ಸೂ ಇಳಿಯುತ್ತ ಬಂತು. ಒಬ್ಬ ಹುಡುಗನ ಎದುರು ಒದ್ದೆ ಬಟ್ಟೆಯ ಮೇಲೆ ಚಾಕು ಇಟ್ಟೆ. ಅವನಿಗೆ ಮೀಸೆ ಸರಿಯಾಗಿ ಮೂಡಿರಲಿಲ್ಲ. "ಮಕ್ಕೊಂತೇನು? ಹೋಗ್ಲಿ ಬಿಡಬೇ, ಹೊಸಾದು ತಗೊಂತೀನಿ" ಎಂದು ಚಾಕು ಅಲ್ಲೇ ಬಿಟ್ಟು ಹೋದ. ಆ ದಿನ ನಾನು ಮಧ್ಯಾಹ್ನದ ರೊಟ್ಟಿ ಬಿಚ್ಚಲಿಲ್ಲ. ಊರೆಲ್ಲ ಒಲೆ ಹಚ್ಚಿತ್ತು.

ಜನ ಹೊಂದಿಕೊಂಡರು. ಕನ್ಯೆ ಕೊಡುವವರು ಹುಡುಗನ ಮನೆಗೆ ಹೋದಾಗ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಈಳಿಗೆಯ ಮೇಲೆ ಒಂದು ಸೌತೆಕಾಯಿ ಇಟ್ಟು ನೋಡುವರು. ಬಾಡಿಗೆಗೆ ಮನೆ ಕೇಳಿಕೊಂಡು ಬಂದವರಿಗೆ, ಮೊದಲು ತಿಪ್ಪವ್ವನ ಹತ್ತಿರ ಹೋಗಿ ಬನ್ನಿ ಎನ್ನುವರು. ಕ್ಷೌರದಂಗಡಿಯವರು ಸೋಮವಾರ ಸೋಮವಾರ ತಮ್ಮ ಕತ್ತಿಯಿಂದ ಸೀಳಿದ ಹಾಳೆಯನ್ನು ಬಾಗಿಲಿಗೆ ತೂಗುಹಾಕುವರು. ಹೊಸ ಠಾಣೆಗೆ ಬಂದ ಸಾಹೇಬರು ಅನುಮಾನದ ಚಾಕುಗಳನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಹತ್ತಿರ ಕಳಿಸತೊಡಗಿದರು. ನಾನು ಹಿಡಿದು ನೋಡಿ ಅವರ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದೆ. "ಅಜ್ಜಿ ಒತ್ತಿದ್ರೆ ಮುಗೀತು" ಎನ್ನುತ್ತಿದ್ದರು ಸಾಹೇಬರು. ಸುಳ್ಳೇಕೆ ಹೇಳಲಿ, ಆ ಮಾತು ನನಗೆ ಹಿತವಾಗಿಯೇ ಇತ್ತು.

ಹೂವಿನ ಪರಸಪ್ಪನನ್ನು ಕೊಂದದ್ದು ಕಾರ್ತಿಕದ ಒಂದು ಸೋಮವಾರ, ಹಗಲು ಹನ್ನೊಂದರ ಹೊತ್ತಿಗೆ. ಮಾರುಕಟ್ಟೆಯಲ್ಲಿ ನಾನು ಕೂರುವ ಹುಣಸೆಮರದಿಂದ ಮೂವತ್ತು ಹೆಜ್ಜೆ ದೂರ. ಹೆಲ್ಮೆಟ್ ಹಾಕಿಕೊಂಡಿದ್ದ ಒಬ್ಬ, ನಂಬರಿಲ್ಲದ ಗಾಡಿಯನ್ನು ಚೆಂಡುಹೂವಿನ ರಾಶಿಗೆ ಒರಗಿಸಿ ನಿಲ್ಲಿಸಿದನಂತೆ. ಪರಸಪ್ಪ ಏನೋ ಅಂದನಂತೆ, ಹೆಲ್ಮೆಟ್ಟಿನವನು ಚಾಕು ತೆಗೆದು ಇರಿದನಂತೆ. ನನಗೆ ಕೇಳಿದ್ದು ಬುಟ್ಟಿ ಉರುಳಿದ ಸದ್ದೊಂದೇ. ಎದ್ದು ನೋಡುವಷ್ಟರಲ್ಲಿ ಸುತ್ತ ಕೈಗಳು ಮೇಲೆದ್ದಿದ್ದವು. ಇರಿದವನನ್ನು ಹಿಡಿಯಲು ಎತ್ತಿದ್ದಾರೆ ಅಂದುಕೊಂಡೆ. ಕೈಗಳಲ್ಲೆಲ್ಲ ಫೋನು. ಪರಸಪ್ಪ ಹೂವಿನ ಮೇಲೆ ಕೂತವನು ಕೂತ ಹಾಗೆಯೇ ಪಕ್ಕಕ್ಕೆ ವಾಲಿದ. ಗಾಡಿ ಹಣ್ಣಿನ ಸಾಲಿನೊಳಗೆ ನುಗ್ಗಿ ಮರೆಯಾಯಿತು. ಅಷ್ಟೊಂದು ಫೋನುಗಳಲ್ಲಿ ಸಿಕ್ಕಿದ್ದು ಒಂದು ಬೆನ್ನು ಮಾತ್ರ.

ಮೂರನೇ ದಿನ ಈರುಳ್ಳಿ ಮಂಡಿಯ ಮಲ್ಲೇಶಿ ಇಡೀ ಮಾರುಕಟ್ಟೆಗೆ ಅಲಗು ಕರೆ ಕೂಗಿಸಿದ. ಎಲ್ಲರೂ ತಮ್ಮ ತಮ್ಮ ಅಲಗು ತಂದು ಎಲ್ಲರೆದುರು ಸಾಣೆ ಹಿಡಿಸಬೇಕು. ಮಾವನ ಕಾಲದಲ್ಲೂ ಒಂದೇ ಒಂದು ಸಲ ಆಗಿದ್ದ ಕರೆ ಅದು. "ಹಣ್ಣಿನ ಸಾಲಿನ್ಯಾಗ ಹೊಕ್ಕಾನಂದ್ರ ನಮ್ಮೊಳಗಿನವನ. ತಿಪ್ಪವ್ವ, ಯಾರ ಮಾರಿನೂ ನೋಡಬ್ಯಾಡ, ಅಲಗು ಅಷ್ಟ ನೋಡು" ಎಂದ. ಬೆಳಿಗ್ಗೆಯಿಂದ ಸಾಲು ನಿಂತಿತು. ಮಟನ್ ಅಂಗಡಿಯ ಮಚ್ಚು, ವೀಳ್ಯದೆಲೆ ಮಾರುವ ಹಾಲವ್ವನ ಎಲೆಚಾಕು, ಕಬ್ಬಿನಹಾಲಿನವರ ಕತ್ತಿ, ಒಂದಾದ ಮೇಲೊಂದು ಎದ್ದವು. ಎದ್ದ ಅಲಗನ್ನು ನಾನು ಹಾಳೆಯ ಮೇಲೆ ಎಳೆದು ತೋರಿಸಿದಾಗಲೆಲ್ಲ ಜನ ಉಸಿರು ಬಿಡುತ್ತಿದ್ದರು.

ಮಧ್ಯಾಹ್ನಕ್ಕೆ ದುರುಗೇಶನ ಸರದಿ. ಪಪ್ಪಾಯಿ, ಅನಾನಸು ಹೆಚ್ಚಿ ಕೊಡುವ ಗಾಡಿಯವನು. ಹೆಂಡತಿ ಹೊನ್ನೂರವ್ವನ ಜೊತೆ ಈ ಊರಿಗೆ ಬಂದು ಎರಡು ವರ್ಷವಾಗಿತ್ತು. ನನಗೆ ಹಲ್ಲಿಲ್ಲವೆಂದು ಮೆತ್ತಗಿನ ಹೋಳು ಆರಿಸಿ ದಿನಾ ತಂದುಕೊಡುತ್ತಿದ್ದ. ಅವನ ಚಾಕು ಹೊಸದು, ಹಿಡಿಯ ಮೇಲೊಂದು ಕೆಂಪು ಚುಕ್ಕಿ, ಅಲಗು ಕನ್ನಡಿಯಂತೆ ಹೊಳೆಯುತ್ತಿತ್ತು. ಹಿಡಿದೆ. ಕಿಡಿ ಹಾರಿತು, ಬಾಯಿ ಬರಲಿಲ್ಲ. ನೀರಲ್ಲಿ ಅದ್ದಿ ಮತ್ತೆ ಹಿಡಿದೆ. ಮೂರನೇ ಸಲವೂ ಸರಿಯಾಗಿಯೇ ತುಳಿದೆ. ಹಾಳೆಯ ಮೇಲೆ ಎಳೆದರೆ ಹಾಳೆ ಮಡಚಿಕೊಂಡಿತು, ಸೀಳಲಿಲ್ಲ.

ಒದ್ದೆ ಬಟ್ಟೆಯ ಮೇಲೆ ಇಟ್ಟೆ. ಬಾಯಿ ಅವನ ಕಡೆಗಿತ್ತು.

"ಯವ್ವಾ, ಇನ್ನೊಂದು ಸಲ ಹಿಡಿ. ಅದು ತಂದಾಗಿನಿಂದ ಹಂಗ ಐತಿ. ನಾನು ಒತ್ತಿ ಒತ್ತಿ ಹೆಚ್ಚತೀನಿ" ಎಂದ ದುರುಗೇಶ. ಮಾವ ಮಾತಾಡಬೇಡ ಅಂದಿದ್ದರು, ನಾನು ಮಾತಾಡಲಿಲ್ಲ. ಅವನು ಇನ್ನೊಮ್ಮೆ "ಯವ್ವಾ" ಅನ್ನುವಷ್ಟರಲ್ಲಿ ಮಲ್ಲೇಶಿಯ ಕೈಯಲ್ಲಿದ್ದ ತೂಕದ ಕಲ್ಲು ಅವನ ದವಡೆಗೆ ಬಿತ್ತು. ಆಮೇಲೆ ಹಣ್ಣಿನ ಪೆಟ್ಟಿಗೆ, ಸ್ಟೂಲು, ಕಾಲು. ಬೆಳಿಗ್ಗೆಯಿಂದ ಸಾಲಿನಲ್ಲಿ ನಿಂತು ನನಗೆ ಕೈಮುಗಿದು ಹೋದವರೇ ಅವರು. ಹೆಂಗಸರೂ ಇದ್ದರು. ನಾನು ಸಾಣೆಯ ಮೆಟ್ಟಿನಿಂದ ಕಾಲು ತೆಗೆದಿರಲಿಲ್ಲ, ಚಕ್ರ ಸುಮ್ಮನೆ ತಿರುಗುತ್ತಲೇ ಇತ್ತು. ಪೊಲೀಸರು ಬಂದು ಬಿಡಿಸಿದಾಗ ದುರುಗೇಶನಿಗೆ ಜೀವವಿತ್ತು. ದವಡೆ ಎರಡು ತುಂಡು, ತೊಡೆ ಮುರಿದಿತ್ತು. ಆಸ್ಪತ್ರೆಯ ಮಂಚಕ್ಕೆ ಬೇಡಿ ಹಾಕಿ ಮಲಗಿಸಿದರು. ನಾನು ಹೆಬ್ಬೆಟ್ಟು ಒತ್ತಿದೆ.

ಮರುದಿನ ಮಲ್ಲೇಶಿ ತನ್ನ ಮೂಟೆ ಕೊಯ್ಯುವ ಕುಡುಗೋಲು ತಂದ. ಅವನ ಬೆರಳಿನ ಗಿಣ್ಣುಗಳ ಮೇಲೆ ತರಚಿದ ಗಾಯವಿತ್ತು. ಒಂದೇ ಸಲಕ್ಕೆ ಅದಕ್ಕೆ ಎಂಥ ಬಾಯಿ ಬಂತೆಂದರೆ, ಹಾಳೆಗೆ ಮುಟ್ಟಿಸುವ ಮೊದಲೇ ಸೀಳಿತು. "ನೋಡಿದೇನಬೇ, ಹೆಂಗೈತಿ!" ಎಂದು ನಕ್ಕ. ಅವನು ಹೊಡೆದದ್ದು ಕಲ್ಲಿನಿಂದ. ಕಲ್ಲಿಗೆ ಬಾಯಿ ಎಲ್ಲಿಂದ ಬರಬೇಕು? ಈ ಯೋಚನೆ ನನಗೆ ಅವತ್ತೇ ಬಂತು. ಆದರೂ ಮುಂದಿನವರ ಅಲಗು ಕೈಗೆತ್ತಿಕೊಂಡೆ.

ವಾರ ಕಳೆದ ಮೇಲೆ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಒಳಗೆ ಚಾಕು. "ಮದುವಿ ಮುಯ್ಯಿಗೆ ಬಂದದ್ದು ಅಜ್ಜಿ. ನಮ್ಮತ್ತಿ ಮದ್ಲು ನಿಮ್ಮ ಕೈಯಾಗ ಹಿಡಿಸಿಕೊಂಡು ಬಾ, ಆಮ್ಯಾಲ ಒಳಗ ತಾ ಅಂದ್ರು" ಎಂದಳು. ಕವರನ್ನು ಅವಳು ಹಲ್ಲಿನಿಂದ ಹರಿದದ್ದು ನನ್ನೆದುರಿಗೇ. ದುರುಗೇಶನ ಚಾಕಿನ ಅಕ್ಕತಂಗಿಯಂತಿತ್ತು ಅದು, ಹಿಡಿಯ ಮೇಲೆ ಅದೇ ಕೆಂಪು ಚುಕ್ಕಿ. ಹಿಡಿದೆ, ಅದ್ದಿದೆ, ಹಿಡಿದೆ. ಮೂರನೇ ಸಲ ಹಾಳೆ ಮಡಚಿಕೊಂಡಿತು.

ಹುಡುಗಿ ಹರಿದ ಕವರನ್ನು ಎತ್ತಿ ತೋರಿಸಿದಳು. "ಅಜ್ಜಿ, ಇದನ್ನ ಯಾರೂ ಮುಟ್ಟೇ ಇಲ್ಲ" ಅಂದಳು.

"ಹೌದವ್ವ, ಯಾರೂ ಮುಟ್ಟಿಲ್ಲ" ಎಂದೆ. ಅಂದವಳೇ ಸಾಣೆಗೆ ಬಟ್ಟೆ ಮುಚ್ಚಿ ಎದ್ದೆ.

ರಿಂಗ್ ರೋಡಿನ ಹತ್ತಿರ ಹೊಸದಾಗಿ ಎದ್ದ ದೊಡ್ಡ ಅಂಗಡಿಗೆ ನಡೆದುಕೊಂಡೇ ಹೋದೆ. ಕೆಂಪು ಚುಕ್ಕಿಯವೇ ಐದು ಆರಿಸಿ ತಂದು, ಮರದ ಕೆಳಗೆ ಕೂತು ಒಂದೊಂದೇ ಹಿಡಿದೆ. ಐದೂ ಏಳಲಿಲ್ಲ. ಅದು ಉಕ್ಕೇ ಅಲ್ಲ, ತಗಡಿಗೆ ಬಣ್ಣ ಬಳಿದದ್ದು. ಕಾರ್ಖಾನೆಯಿಂದಲೇ ಮಲಗಿಕೊಂಡು ಬಂದದ್ದು. ಐವತ್ತು ವರ್ಷ ಅಪ್ಪಟ ಉಕ್ಕನ್ನೇ ಕಂಡ ನನ್ನ ಕೈ, ಏಳದಿದ್ದರೆ ಅದು ಮನುಷ್ಯನ ತಪ್ಪೇ ಅಂದುಕೊಂಡಿತ್ತು. ಕಬ್ಬಿಣದ ತಪ್ಪೂ ಇರಬಹುದೆಂದು ಒಂದೇ ಒಂದು ಸಲವೂ ಹೊಳೆದಿರಲಿಲ್ಲ. ಆ ಅಂಗಡಿ ತೆರೆದ ಎರಡು ವರ್ಷದಲ್ಲಿ ಹೀಗೆ ಇನ್ನೆಷ್ಟು ಹೆಬ್ಬೆಟ್ಟು ಒತ್ತಿದ್ದೆನೋ ಎಂದು ಲೆಕ್ಕ ಹಾಕಲು ಹೋಗಿ, ಅರ್ಧಕ್ಕೇ ಬಿಟ್ಟು ಎದ್ದೆ.

ಮೊದಲು ಆಸ್ಪತ್ರೆಗೆ ಹೋದೆ. ದುರುಗೇಶನ ಬಾಯಿಗೆ ತಂತಿ ಬಿಗಿದಿದ್ದರು. ನನ್ನನ್ನು ಕಂಡು ಮುಖ ಗೋಡೆಗೆ ತಿರುಗಿಸಿಕೊಂಡ. ಹೊನ್ನೂರವ್ವನ ಕಾಲು ಹಿಡಿಯಲು ಹೋದೆ, ಆಕೆ ಹಿಂದೆ ಸರಿದಳು. "ನಿನ್ನ ಗಂಡ ಏನೂ ಮಾಡಿಲ್ಲವ್ವ" ಎಂದೆ.

"ಅದು ನನಗ ಗೊತ್ತಿಲ್ಲೇನಬೇ? ನನಗ್ಯಾಕ ಹೇಳ್ತಿ? ಬಡದೋರಿಗೆ ಹೇಳು, ಹೋಗು" ಎಂದಳು.

ಸಾಹೇಬರಿಗೆ ಐದೂ ಚಾಕು ತೋರಿಸಿದೆ. ಅವರು ಒಂದನ್ನು ಎತ್ತಿ ಮೇಜಿನ ಮೇಲಿನ ಕಾಗದಕ್ಕೆ ಎಳೆದು ನೋಡಿದರು. "ಅಜ್ಜಿ, ನೀವೊಬ್ಬರೇ ಕೂತು ಸಾಣೆ ಹಿಡಿದದ್ದು ಮೇಲಿನವರ ಎದುರು ನಿಲ್ಲೋದಿಲ್ಲ. ಊರಲ್ಲಿ ಈ ಚಾಕು ಇಟ್ಟುಕೊಂಡವರು ಬಂದು, ನಮ್ಮದೂ ಏಳೋದಿಲ್ಲ ಅಂತ ಎಲ್ಲರೆದುರು ತೋರಿಸಲಿ. ಅಂಥವು ಹತ್ತಿಪ್ಪತ್ತು ಆದರೆ ಆ ಮನುಷ್ಯನ್ನ ನಾಳೆಯೇ ಬಿಡಿಸ್ತೀನಿ" ಎಂದರು. ಆಮೇಲೆ ತಲೆ ತಗ್ಗಿಸಿ, "ಆದರೆ ಬರೋದಿಲ್ಲ ಅವರು" ಎಂದರು.

ಮರುದಿನ ಸಂತೆ. ಹುಣಸೆಮರದ ಕೆಳಗೆ ನಿಂತು, ಹುಟ್ಟಾ ಸಣ್ಣ ದನಿಯವಳು ಕೂಗಿದೆ. "ಕೆಂಪು ಚುಕ್ಕಿ ಚಾಕು ಇದ್ದೋರು ತಗೊಂಡು ಬರ್ರಿ! ಆ ಚಾಕು ಯಾರ ಕೈಯಾಗೂ ಏಳಂಗಿಲ್ಲ. ದುರುಗೇಶಂದು ತಪ್ಪಿಲ್ಲ. ತಪ್ಪು ನಂದು."

ಮಂದಿ ನಿಂತರು, ಕೇಳಿದರು, ನೆಲ ನೋಡುತ್ತ ಸರಿದರು. ಮಲ್ಲೇಶಿ ಮಂಡಿಯಿಂದ ಇಳಿದು ಹತ್ತಿರ ಬಂದು, "ಸುಮ್ಕಿರಬೇ" ಎಂದ, ಮೆಲ್ಲಗೆ. "ಅವನು ಮಾಡಿಲ್ಲಂದ್ರ ನಾವು ಮಾಡಿದ್ದೇನು? ಐವತ್ತು ಮಂದಿ ಕೈ ಹಚ್ಚೀವಿ. ವಯಸ್ಸಾಗೇತಿ, ಮನಿಗೆ ಹೋಗಿ ಮಕ್ಕೋ. ಇಲ್ಲಂದ್ರ ಈ ಸಾಣೀನ ಎತ್ತಿ ಗಟಾರಕ್ಕ ಹಾಕ್ತೀವಿ ನೋಡು."

"ಹಾಕು" ಎಂದೆ. ಮತ್ತೆ ಕೂಗಿದೆ. ಬಿಸಿಲು ನೆತ್ತಿಗೆ ಬಂತು, ಯಾರೂ ಬರಲಿಲ್ಲ. ಯಾಕೆ ಬರಲಿಲ್ಲವೆಂದು ತಿಳಿದದ್ದು ಮೊದಲನೆಯವಳು ಬಂದಾಗ. ಕಾಲೇಜಿನ ಹಿಂದಿನ ಓಣಿಯ ಒಬ್ಬ ತಾಯಿ, ಸೆರಗಿನ ಕೆಳಗಿನಿಂದ ಕೆಂಪು ಚುಕ್ಕಿಯ ಚಾಕು ತೆಗೆದಳು. "ಖರೇನ ಏನಬೇ ನೀ ಹೇಳೋದು? ಎಂಟು ತಿಂಗಳಾತು, ಜೋಳದ ಹಗೇವಿನ್ಯಾಗ ಮುಚ್ಚಿಟ್ಟೀನಿ. ನನ್ನ ಮಗ ಎಲ್ಲೋ ಯಾರಿಗೋ ಏನೋ ಮಾಡಿ ಬಂದಾನ ಅಂತ ಅವನ ಜೋಡಿ ಮಾತು ಬಿಟ್ಟೀನಿ. ಅವನಿಗೆ ಯಾಕಂತ ಗೊತ್ತ ಇಲ್ಲ." ನಾನು ಹಿಡಿದೆ, ಏಳಲಿಲ್ಲ. ಅವತ್ತೇ ಬೆಳಿಗ್ಗೆ ಅಂಗಡಿಯಿಂದ ತಂದಿದ್ದ ಹೊಚ್ಚಹೊಸದೊಂದನ್ನು ಕವರು ಹರಿದು ಅವಳೆದುರೇ ಹಿಡಿದೆ. ಅದೂ ಏಳಲಿಲ್ಲ. ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತು ದೊಡ್ಡ ದನಿ ತೆಗೆದು ಅತ್ತಳು. ಆ ಅಳು ಕೇಳಿ ಉಳಿದವರು ಬಂದರು. ಗಂಡನ ಮೇಲೆ ಸಂಶಯಪಟ್ಟವರು, ಸೊಸೆಯ ಮೇಲೆ ಪಟ್ಟವರು. ರಾತ್ರಿ ಪಾಳಿ ಮುಗಿಸಿ ಬಂದ ತಮ್ಮನಿಗೆ ಬಾಗಿಲು ತೆರೆಯದ ಒಬ್ಬಳು ಅಕ್ಕ. ಅಕ್ಕಿಡಬ್ಬಿ, ಹಾಸಿಗೆ, ದೇವರ ಜಗುಲಿಯ ಕೆಳಗಿನಿಂದೆಲ್ಲ ಚಾಕುಗಳು ಹೊರಬಂದವು. ಒಂದು ಊರಿನ ಅರ್ಧ ಮಂದಿ, ಮನೆಯೊಳಗೊಬ್ಬ ಕೊಲೆಗಾರ ಇದ್ದಾನೆಂದುಕೊಂಡೇ ಅನ್ನ ಬಡಿಸುತ್ತಿದ್ದರು. ಬಡಿಸುವುದನ್ನು ಯಾರೂ ನಿಲ್ಲಿಸಿರಲಿಲ್ಲ.

ಮಧ್ಯಾಹ್ನ ಎರಡಕ್ಕೆ ಸಾಹೇಬರು ಬಂದು ರಾಶಿ ನೋಡಿದರು, ಎಲ್ಲರ ಹೆಸರು ಬರೆಸಿಕೊಂಡರು, ಆಸ್ಪತ್ರೆಗೆ ಫೋನು ಮಾಡಿ ಮಂಚದ ಬೇಡಿ ಬಿಚ್ಚಿ ಎಂದರು. ನನ್ನ ಕಿವಿಯಾರೆ ಕೇಳಿದೆ. ಮಲ್ಲೇಶಿ ಮಂಡಿಯ ಬಾಗಿಲೆಳೆದುಕೊಂಡು ಹೋಗಿದ್ದ. ಹೆಂಗಸರು ಒಬ್ಬರಿಗೊಬ್ಬರು ನಗಾಡುತ್ತ, "ನಮ್ಮನ್ಯಾಗ ಏನೂ ಇಲ್ಲವ್ವ, ತಗಡಂತ ತಗಡು!" ಎನ್ನುತ್ತ ಚದುರುತ್ತಿದ್ದರು.

ಆಗ ಎಲೆ ಮಾರುವ ಹಾಲವ್ವ ಬಂದಳು. ಸುತ್ತ ನೋಡಿ, ಮಡಿಲಿನಿಂದ ಒಂದು ಚಾಕು ತೆಗೆದು ನನ್ನ ಮಡಿಲಲ್ಲೇ ಇಟ್ಟಳು. ಅಲಗು ಕರೆಗೆ ಅವಳು ತಂದದ್ದು ಇದಲ್ಲ. ಗೇಣುದ್ದದ್ದು, ತುದಿ ಬಾಗಿದ್ದು, ಅಪ್ಪಟ ಉಕ್ಕು. ನನ್ನ ಮಾವ ಅವಳ ಅತ್ತೆಗೆ ಬಡಿದು ಕೊಟ್ಟದ್ದು. ವರ್ಷಕ್ಕೆರಡು ಸಲ ನಾನೇ ಹಿಡಿದಿದ್ದೇನೆ, ಎಲೆಯ ತೊಟ್ಟು ಮುಟ್ಟಿದರೆ ಉದುರಬೇಕು.

"ಇದೂ ಹಂಗ ಅಲ್ಲೇನಬೇ? ಇದರ ಕಬ್ಬಿಣಾನೂ ಸರಿಯಿಲ್ಲ. ಹಂಗ ಅಂತ ಹೇಳು" ಎಂದಳು.

ಹಿಡಿದೆ. ಮೊದಲನೇ ಸಲಕ್ಕೇ ಗೊತ್ತಾಯಿತು. ಮೂರು ಸಲ ಹಿಡಿಯಲಿಲ್ಲ, ಬಟ್ಟೆಯ ಮೇಲೆ ಇಡಲೂ ಇಲ್ಲ. ಹತ್ತು ಹೆಜ್ಜೆಯಲ್ಲಿ ಮಂದಿಯಿದ್ದರು, ಕಲ್ಲುಗಳೂ ಇದ್ದವು. ಚಾಕನ್ನು ತೊಡೆಯ ಕೆಳಗೆ ಸರಿಸಿಕೊಂಡು, "ಮನ್ಯಾಗ ಯಾರದಾರ?" ಎಂದೆ.

"ಕೊಟ್ರೇಶ" ಎಂದಳು. ಒಬ್ಬನೇ ಮಗ, ಹತ್ತೊಂಬತ್ತು ವರ್ಷ. "ಪರಸಪ್ಪ ಸತ್ತ ದಿನ ಎಲಿಚಾಕು ಮನ್ಯಾಗ ಬಿಟ್ಟು ಬಂದಿದ್ದೆ. ತಂದುಕೊಡಪ್ಪಾ ಅಂತ ನಾನ ಫೋನ್ ಮಾಡಿದ್ದೆ. ಬರಲೇ ಇಲ್ಲ. ನಾನು ಬ್ಯಾರೇದರಾಗ ಕೊಯ್ದೆ."

ಇಬ್ಬರೂ ನಡೆದೆವು. ಅವಳು ನನ್ನ ಕೈ ಹಿಡಿದಿದ್ದಳೋ ನಾನು ಅವಳದನ್ನೋ ನೆನಪಿಲ್ಲ. ಮನೆ ಒಂದೇ ಕೋಣೆಯದು. ಕೊಟ್ರೇಶ ಚಾಪೆಯ ಮೇಲೆ ಕೂತು ಚೆಂಡಿಗೆ ಅಂಟುಪಟ್ಟಿ ಸುತ್ತುತ್ತಿದ್ದ. ನನ್ನನ್ನು ನೋಡಿ ಎದ್ದು, "ಬಾರಬೇ, ಕುಂದ್ರು" ಎಂದು ಚಾಪೆ ಬಿಟ್ಟುಕೊಟ್ಟ. ತಾಯಿಗೆ "ಏನ್ ಮಾಡೀಬೇ ಊಟಕ್ಕ?" ಎಂದ. ನಾನು ಚಾಕನ್ನು ಅವನ ಮುಂದಿಟ್ಟೆ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಚೆಂಡಿಗೆ ಪಟ್ಟಿ ಸುತ್ತತೊಡಗಿದ.

"ಯಾಕಪ್ಪಾ?" ಎಂದೆ. ಐವತ್ತು ವರ್ಷ ಯಾರನ್ನೂ ನಾನು ಕೇಳಿರದ ಮಾತು.

"ಗಾಡಿ ತಗಿ ಅಂದ" ಎಂದ.

ಇನ್ನೂ ಏನಾದರೂ ಹೇಳಬಹುದೆಂದು ಕಾದೆ. ಹಾಲವ್ವನೂ ಕಾದಳು. ಬೈದಿದ್ದನೆಂದೋ, ಹೊಡೆಯಲು ಬಂದನೆಂದೋ, ಹಳೆಯದೇನೋ ಇತ್ತೆಂದೋ. ಅವನು ಹಲ್ಲಿನಿಂದ ಪಟ್ಟಿ ಕತ್ತರಿಸಿದ. ಅಷ್ಟೇ ಇತ್ತು, ಹೇಳಿ ಮುಗಿದಿತ್ತು.

"ಆ ಹಣ್ಣಿನವನ್ನ ಬಡದರಲ್ಲ, ಅವಾಗ ನೀ ಎಲ್ಲಿದ್ದಿ?" ಎಂದು ಹಾಲವ್ವ ಕೇಳಿದಳು.

"ಅಲ್ಲೇ ಇದ್ದೆ. ವಿಡಿಯೋ ಮಾಡೀನಿ" ಎಂದ.

ಹಾಲವ್ವ ಗೂಟದ ಮೇಲಿನ ತೊಳೆದ ಅಂಗಿ ತೆಗೆದು ಮಗನ ಕೈಗೆ ಕೊಟ್ಟಳು. ಅವನು ಹಾಕಿಕೊಂಡ. ಓಡಲಿಲ್ಲ, ಅಳಲಿಲ್ಲ, ಎಲ್ಲಿಗೆಂದೂ ಕೇಳಲಿಲ್ಲ. ಮೂವರೂ ಹೊಸ್ತಿಲು ದಾಟಿ ಠಾಣೆಯ ದಾರಿ ಹಿಡಿದ ಮೇಲೆ ಒಂದು ಮಾತು ಕೇಳಿದ.

"ಸಂಜಿಗೆ ಬಿಡ್ತಾರಲ್ಲಬೇ? ಐದು ಗಂಟೆಗೆ ಮ್ಯಾಚ್ ಐತಿ."

ಹಾಲವ್ವ ನಿಂತಳು. ಅವನ ಅಂಗಿಯ ಮೇಲಿನ ಗುಂಡಿ ಹಾಕಿದಳು. "ನಡಿ" ಎಂದಳು.